ಹೊಳಿಗೆ ಇಳಿಯೋ ವಾಚು

ಸನ್ಮತಿಯ ಪಪ್ಪಾ,

ತವರಮನಿಗೆ ಕೊಗನೊಳ್ಳಿಗೆ ಹೊಂಟೇನ್ರಿ, ನಾಡಿದ್ದು ಬರ್ತೇನಿ. ನಿಮ್ಮ ವಾಚು ರಿಪೇರಿ ಆಗಿ ಬಂದೈತಿ, ಅಕ್ಕಿ ಡಬ್ಬಿ ಮ್ಯಾಲ ಇಟ್ಟೇನಿ.

ಮುಳುಗೋರ ವಾಚಿನೊಳಗ ನೀರು ಹ್ಯಾಂಗ ಹೋತು ಅಂತ ರಿಪೇರಿಯವ್ರನ್ನ ಕೇಳಿದ್ದಕ್ಕ, ಬಾಜೂಕಿನ ಮುಳ್ಳು ತಿರುವೋ ಕೀಲಿ ಬಿಗಿ ಮಾಡಲಾರ್ದ ಇಳಿದಾರ ಅಂದ್ರು. ಕೀಲಿಗೆ ನೀವು ಕೊಬ್ಬರಿ ಎಣ್ಣಿ ಬ್ಯಾರೆ ಹಚ್ಚಿದ್ರಿ, ಒಳಗಿನ ರಬ್ಬರ್ ಉಬ್ಬಿತ್ತಂತ. ಇನ್ನ ಹಚ್ಚಬ್ಯಾಡ್ರಿ. ಬಿಸಿನೀರಿನ ಜಳಕದಾಗ ತೆಗೆದಿಡ್ರಿ. ಹೊಳಿಯಿಂದ ಬಂದ ಮ್ಯಾಲ ಸೋಸಿದ ನೀರಾಗ ತೊಳೀರಿ.

ಹೊಳಿಯಾಗ ಮೋಟರ್ ಪೈಪಿನ ತುದೀಗಿರೋ ಫುಟ್‌ವಾಲ್‌ಗೆ ಮತ್ತ ಕಸ ಸಿಕ್ಕರ ನಾ ಬರೂತನಕ ತಡೀರಿ, ಒಬ್ರ ಮುಳುಗಬ್ಯಾಡ್ರಿ. ಬಂದ ಮ್ಯಾಲೂ ಇಳಿಯೂ ಮುಂದ ವಾಚು ನನ್ನ ಕೈಯಾಗ ಕೊಡ್ರಿ. ನೀರಾಗ ನೀವು ವ್ಯಾಳ್ಯಾ ನೋಡಂಗಿಲ್ಲ. ದಂಡಿ ಮ್ಯಾಲ ನಿಂತಾಕಿಗೆ ಅದು ಬೇಕಾಗ್ತೈತಿ.

ತ್ರಿಶಲಾ