ಎಚ್ಚರವಿದ್ದವರ ನಿದ್ರೆಗೆ ಸಹಿ ಹಾಕಿದ ತಜ್ಞರು

ನಿದ್ರಾ ವೈದ್ಯಕೀಯ ತಜ್ಞರಿಗೆ ಪ್ರಮಾಣಪತ್ರ ನೀಡುವ ಮಂಡಳಿಯ ಮಾನ್ಯ ಅಧ್ಯಕ್ಷರೇ,

ತಮ್ಮ ಮಂಡಳಿಯ ಪ್ರಮಾಣಪತ್ರವನ್ನು ಗೋಡೆಗೆ ನೇತುಹಾಕಿಕೊಂಡಿರುವ ವೈದ್ಯರೊಬ್ಬರು, ರಾತ್ರಿಯಿಡೀ ಎಚ್ಚರವಿದ್ದ ನನ್ನ ಗಂಡನಿಗೆ ‘ಏಳು ಗಂಟೆ ನಿದ್ರೆ, ಉಸಿರಾಟ ಸರಾಗ’ ಎಂದು ಬರೆದುಕೊಟ್ಟಿದ್ದಾರೆ. ಆ ಕಾಗದದ ಬಲದಿಂದ ನನ್ನ ಗಂಡ ಮತ್ತೆ ಬಸ್ಸು ಓಡಿಸುತ್ತಿದ್ದಾರೆ. ಆ ವೈದ್ಯರನ್ನು ತಜ್ಞರೆಂದು ಕರೆದವರು ತಾವು, ಆದ್ದರಿಂದ ತಮ್ಮನ್ನೇ ಕೇಳುತ್ತಿದ್ದೇನೆ.

ಹತ್ತೊಂಬತ್ತು ವರ್ಷದಿಂದ ನಮ್ಮವರದು ರಾತ್ರಿ ಬಸ್ಸು. ಬೆಳಿಗ್ಗೆ ಬಂದು ಎಂಟಕ್ಕೆ ಮಲಗುತ್ತಾರೆ. ಇರುವುದೊಂದೇ ಕೋಣೆ; ಅಲ್ಲೇ ಕಿಟಕಿ ಪಕ್ಕ ಕೂತು ನಾನು ಶಾಲೆಯ ಸಮವಸ್ತ್ರ ಹೊಲಿಯುತ್ತೇನೆ. ಗೊರಕೆ ಇದ್ದಕ್ಕಿದ್ದಂತೆ ನಿಂತರೆ ನನ್ನ ಕಾಲೂ ಪೆಡಲ್ ಮೇಲೆ ನಿಲ್ಲುತ್ತದೆ. ಇಪ್ಪತ್ತು ಎಣಿಸುವಷ್ಟು ಹೊತ್ತು ಉಸಿರೇ ಇರುವುದಿಲ್ಲ. ಆಮೇಲೆ ಒದ್ದಾಡಿ ಉಸಿರೆಳೆದುಕೊಳ್ಳುತ್ತಾರೆ. ಹೋದ ತಿಂಗಳು ಡಿಪೋ ಗೇಟಿನ ಕಂಬಕ್ಕೆ ಬಸ್ಸು ಉಜ್ಜಿದರು. “ಕಣ್ಣು ಮುಚ್ಚಿದ್ದೇ ಗೊತ್ತಾಗ್ಲಿಲ್ಲ ಕಣೇ” ಎಂದು ನನ್ನೊಬ್ಬಳಿಗೆ ಹೇಳಿದರು. ನಿದ್ದೆಗಣ್ಣಿನ ಅನುಮಾನದಿಂದ ಡಿಪೋದವರು ನಿದ್ರೆಯ ಪರೀಕ್ಷೆಗೆ ಕಳಿಸಿದರು.

ಪರೀಕ್ಷೆ ನಡೆದದ್ದು ರಾತ್ರಿ. ‘ನೀವು ಯಾವಾಗ ಮಲಗ್ತೀರಿ?’ ಎಂಬ ಒಂದು ಪ್ರಶ್ನೆಯನ್ನು ಆ ತಜ್ಞರು ಕೇಳಲೇ ಇಲ್ಲ. ತಲೆಗೆ, ಎದೆಗೆ ತಂತಿ ಅಂಟಿಸಿಕೊಂಡು ನಮ್ಮವರು ಚಾವಣಿ ನೋಡುತ್ತಾ ಬೆಳಗು ಮಾಡಿದರು. ನಿದ್ರೆಯೇ ಇಲ್ಲದವರಿಗೆ ನಿದ್ರೆಯಲ್ಲಿ ಉಸಿರು ನಿಲ್ಲುವುದಾದರೂ ಹೇಗೆ? ವರದಿ ಹಿಡಿದು ಆ ತಜ್ಞರ ಬಳಿಗೆ ನಾನೇ ಹೋದೆ.

“ಅವ್ರು ಮಲಗೇ ಇಲ್ಲ ಸಾರ್.”

“ನೋಡಮ್ಮ, ಏಳು ಗಂಟೆ ಹಾಸಿಗೆ ಮೇಲಿದ್ರು. ಮಷಿನ್ ಸುಳ್ಳು ಹೇಳಲ್ಲ.”

ಮಷಿನ್ ಸುಳ್ಳು ಹೇಳುತ್ತದೆಂದು ನಾನೂ ಹೇಳಲಿಲ್ಲ. ತಲೆಯ ತಂತಿಗಳು ಬರೆದ ಗೆರೆಗಳಲ್ಲಿ ಎಚ್ಚರವೂ ಕಾಣುತ್ತದಂತೆ. ಹಾಗಾದರೆ ಇವರಿಗೆ ಓದಲು ಬರಲಿಲ್ಲವೋ, ಓದುವ ಗೋಜಿಗೇ ಹೋಗಲಿಲ್ಲವೋ? ಇಂಥವರನ್ನು ತಾವು ಹೇಗೆ ಪಾಸು ಮಾಡಿದಿರಿ ಎಂದು ತಮ್ಮ ಕಚೇರಿಗೆ ಬರೆದೆ. ‘ನುರಿತ ಪರೀಕ್ಷಕರಿಂದ ಕೂಲಂಕಷ ಮೌಲ್ಯಮಾಪನ’ ಎಂಬ ಉತ್ತರದ ಜೊತೆಗೆ ಅವರ ಪ್ರಮಾಣಪತ್ರದ ನಕಲೂ ಬಂತು. ಪರೀಕ್ಷಕರ ಜಾಗದಲ್ಲಿರುವ ಸಹಿಯನ್ನು ನಮ್ಮ ವರದಿಯಲ್ಲಿರುವ ಅವರ ಸಹಿಯ ಪಕ್ಕದಲ್ಲಿಟ್ಟು ನೋಡಿದೆ. ಹೊಲಿಗೆಯವಳು ನಾನು, ಒಂದೇ ಕೈಯ ಕೆಲಸ ಗುರುತಿಸಲು ಕನ್ನಡಕ ಬೇಡ. ಆ ಮಹಾನುಭಾವರು ತಮ್ಮನ್ನು ತಾವೇ ಪರೀಕ್ಷಿಸಿ, ತಾವೇ ತೇರ್ಗಡೆಯಾಗಿದ್ದಾರೆ. ಇದು ನನ್ನ ಕಣ್ಣಿನ ದೋಷವಾದರೆ, ಅವರ ಉತ್ತರಪತ್ರಿಕೆ ತೋರಿಸಲು ತಮಗೇನು ಅಡ್ಡಿ? ಅದನ್ನು ಕೇಳಿ ಆಮೇಲೆ ಬರೆದ ಮೂರು ಪತ್ರಕ್ಕೆ ತಾವು ಬಾಯಿಬಿಟ್ಟಿಲ್ಲ.

ಮನೆಯಲ್ಲಂತೂ ನನ್ನ ಮಾತು ನಡೆಯುವುದಿಲ್ಲ. “ದೊಡ್ಡ ಡಾಕ್ಟ್ರೇ ಬರೆದುಕೊಟ್ಟಿದಾರೆ, ನೀನ್ಯಾರು ಹೇಳೋಕೆ?” ಎನ್ನುತ್ತಾರೆ ನಮ್ಮವರು. ನನಗೆ ಭಯವಾಗುತ್ತದೆ ಸ್ವಾಮಿ.

ಆದ್ದರಿಂದ ಆ ವರದಿಯನ್ನು ಇಂದೇ ರದ್ದು ಮಾಡಿ. ಬೇರೊಬ್ಬರ ಕೈಯಲ್ಲಿ ಪಾಸಾದ ತಜ್ಞರೊಬ್ಬರು ತಮ್ಮಲ್ಲಿದ್ದರೆ, ಅವರಿಂದ ಹಗಲಿನಲ್ಲಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ನನ್ನ ಗಂಡನನ್ನು ಸ್ಟಿಯರಿಂಗ್ ಮುಂದೆ ಕೂರಿಸಬೇಡಿ ಎಂದು ಡಿಪೋಗೆ ಬರೆಯಿರಿ. ಈ ಪತ್ರದ ವಿಷಯ ತಿಳಿದ ಮೇಲೆ ನಮ್ಮವರು ನನ್ನೊಡನೆ ಮಾತು ಬಿಡುತ್ತಾರೆ, ಗೊತ್ತು. ಬಿಡಲಿ. ಮಾತು ಬಿಟ್ಟು ಮನೆಯಲ್ಲಿ ಬದುಕಿರಲಿ.

ಇಂತಿ,
ಯಾವ ಮಂಡಳಿಯ ಪ್ರಮಾಣಪತ್ರವೂ ಇಲ್ಲದೆ ಒಬ್ಬರ ಉಸಿರು ಎಣಿಸುತ್ತಾ ಕೂತಿರುವ ಟೈಲರ್