ಬಾವುಟದ ಮೇಲೆ ಕೈ

ತಾತ,

ನೀವು ತೀರಿಕೊಂಡ ಮೇಲೂ ಎಲ್ಲವನ್ನೂ ನಿಮಗೇ ಹೇಳಬೇಕು ಅನ್ನಿಸುತ್ತದೆ. ಇವತ್ತು ಸೇನೆಯಲ್ಲಿ ನನ್ನ ಪ್ರತಿಜ್ಞೆ ಆಯಿತು. ಎಲ್ಲರ ಪರವಾಗಿ ಬಾವುಟ ಮುಟ್ಟಿ ನಿಲ್ಲುವ ಕೆಲವರಲ್ಲಿ ನನ್ನನ್ನೂ ಆರಿಸಿದ್ದರು, ಮೇಜರ್ ಟೀಲ್ಕೆಯವರ ಮೊಮ್ಮಗಳು ಅಂತ.

ಪೂರ್ವ ಜರ್ಮನಿ ಇಲ್ಲವಾದಾಗ ಅದರ ಸೇನೆಯಲ್ಲಿದ್ದ ನೀವು ದರ್ಜೆ ಇಳಿಸಿಕೊಂಡು, ಅದುವರೆಗೆ ಶತ್ರುಗಳಾಗಿದ್ದ ಪಶ್ಚಿಮ ಜರ್ಮನಿಯವರ ಸೇನೆಗೇ ಸೇರಿದಿರಲ್ಲ, ಅದಕ್ಕೆ ನಮ್ಮ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ಕೊಂಕು ತೆಗೆದರೆ ನಾನು ಜಗಳಕ್ಕೇ ಇಳಿಯುತ್ತಿದ್ದೆ. "ದೇಶಪ್ರೇಮ ಕಣ್ರೋ ಅದು!" ಇವತ್ತು ಮೈದಾನದ ಅಂಚಿನಲ್ಲಿ ಅಜ್ಜಿಗೂ ಅದನ್ನೇ ಹೇಳಿದೆ.

ಅಜ್ಜಿ ನನ್ನ ಟೋಪಿ ಸರಿಮಾಡುತ್ತಾ ನಕ್ಕರು. "ಯಾವ ದೇಶನೇ, ಯೋರ್ಡಿಸ್? ನಿಮ್ ತಾತಂಗೆ ಬೇರೆ ಕೆಲಸ ಬರ್ತಿರ್ಲಿಲ್ಲ. ಆ ಸೇನೆಗೆ ಸೇರಿದ್ಮೇಲೆ ಬೆಳಿಗ್ಗೆ ಬೂಟು ಕಟ್ಕೊಂಡು, ಏಳೋಕೆ ಮನಸ್ಸಾಗ್ದೆ ಮಂಚದ ಮೇಲೇ ಕೂತಿರೋರು. ನಾನೇ ಎಬ್ಬಿಸಿ ಕಳಿಸ್ತಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ ಅವ್ರು?"

"ನೀನು ಬರೀ ಪದಕದ ಕಥೆ ಕೇಳ್ತಿದ್ದೆ ಕಣೆ."

ನಾನು ಹದಿಮೂರು ವರ್ಷ ಸೇವೆ ಮಾಡುತ್ತೇನೆಂದು ಸಹಿ ಹಾಕಿದ್ದೇನೆ ತಾತ. ಅಜ್ಜಿಯ ಮಾತು ಕೇಳಿದ ಆ ಗಳಿಗೆಯಲ್ಲೂ ಬೇಡ ಅನ್ನಬಹುದಿತ್ತು. ಅಷ್ಟರಲ್ಲಿ ಕ್ಯಾಪ್ಟನ್ ನನ್ನ ಹೆಸರು ಕೂಗಿದರು. ಗ್ರೂಪಿನವರೆಲ್ಲ ನೇರಪ್ರಸಾರ ನೋಡುತ್ತಿದ್ದರು. ಹೋಗಿ ಬಾವುಟದ ಮೇಲೆ ಕೈಯಿಟ್ಟೆ. ಪ್ರತಿಜ್ಞೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ನಾನೇ.