ಎಂಟೂವರೆ ಮಿಲಿಮೀಟರ್

ಮಾರ್ಚ್ 3, ಭಾನುವಾರ. ಬೆಳಿಗ್ಗೆ 11.10

ಮತ್ತೆ ಪಂಕ್ಚರ್. ಹಿಂದಿನ ಚಕ್ರ. ನೀರಿನ ಟ್ಯಾಂಕಿನ ಗುಡ್ಡದ ಮೂರನೆಯ ತಿರುವು — ಹೋದ ವಾರವೂ ಹೆಚ್ಚುಕಡಿಮೆ ಅಲ್ಲೇ. ತಳ್ಳಿಕೊಂಡು ವಾಪಸ್ ಇಳಿದೆ. ಷರ್ಟು ಬಕೆಟ್ಟಿಗೆ ಹಾಕಿ ಬರೆಯಲು ಕೂತಿದ್ದೇನೆ.

ತಂಗಿ ಮೇಲೆ ಟ್ಯಾಂಕಿನ ಕಟ್ಟೆಯ ಮೇಲೆ ಕಾದಿದ್ದಳು. ಆ ಕಡೆಯಿಂದ ನಡೆದು ಹತ್ತಿ ಬರುತ್ತಾಳೆ, ಹತ್ತು ಗಂಟೆಗೆ ಸರಿಯಾಗಿ. ಫೋನ್ ಮಾಡಿದೆ.

"ಪಂಕ್ಚರ್ ಆಯ್ತು ಕಣೇ."

"ಹೂಂ. ಹೋದ ವಾರವೂ ಪಂಕ್ಚರ್."

"ನಾನು ಸುಳ್ಳು ಹೇಳ್ತೀನಾ?"

"ನಾನೆಲ್ಲಿ ಹಾಗಂದೆ?"

ಅನ್ನಲಿಲ್ಲ. ಆದರೆ ಆ 'ಹೂಂ' ಇತ್ತಲ್ಲ... ಮೈಯೆಲ್ಲ ಉರಿದುಹೋಯಿತು. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಒಂದು ಗ್ರಾಂ ಸುಳ್ಳು ಬರೆದವನಲ್ಲ. ನನಗೆ 'ಹೂಂ'!

ಮೂರು ವರ್ಷ ಮಾತು ಬಿಟ್ಟಿದ್ದವಳು. ಹೋದ ತಿಂಗಳು ತಾನಾಗಿ, ತೀರಿಕೊಂಡ ಭಾವನ ಮೌಂಟನ್ ಬೈಕ್ ಕಳಿಸಿದಳು. "ಅವರಿಲ್ಲ, ಮೂಲೇಲಿ ತುಕ್ಕು ಹಿಡೀತಿದೆ. ಭಾನುವಾರ ಹತ್ತಿಸಿಕೊಂಡು ಮೇಲೆ ಬಾ, ಕೂತು ಮಾತಾಡೋಣ." ಇಷ್ಟೇ ಹೇಳಿದ್ದು. ಇನ್ನೂ ಒಂದು ಭಾನುವಾರವೂ ಮುಟ್ಟಿಲ್ಲ.

ಮಾರ್ಚ್ 4. ಸಂಜೆ

ಸೈಕಲ್ ಅಂಗಡಿ. ನಡೆಸುವವಳನ್ನು ಎಲ್ಲರೂ ಗ್ರೀಸಕ್ಕ ಅನ್ನುತ್ತಾರೆ, ಮೊಣಕೈವರೆಗೂ ಕಪ್ಪು. ಗೋಡೆ ತುಂಬ ಟ್ಯೂಬಿನ ಡಬ್ಬಿ. ನಮ್ಮ ಚಕ್ರ ಇಪ್ಪತ್ತೇಳೂವರೆ ಇಂಚು. ಟೈರಿನ ಅಗಲ ಎರಡು ಪಾಯಿಂಟ್ ಒಂದು. ಡಬ್ಬಿಯ ಮೇಲೆ ಏನಿದೆ? '1.9ರಿಂದ 2.35'. ಅಳತೆ ಅಂದರೆ ಒಂದು ಅಳತೆ ಇರಬೇಕು. 'ಇಂತಿಷ್ಟರಿಂದ ಇಂತಿಷ್ಟು' ಅಂದರೆ ಅದು ಅಳತೆಯೇ? ಹಾರಿಕೆಯ ಉತ್ತರ! ಕೇಳಿದೆ. "ರಬ್ಬರ್ ಅಲ್ವಾ ಸರ್, ಹಿಗ್ಗತ್ತೆ" ಅಂದಳು. ಹಿಗ್ಗುತ್ತದಂತೆ.

ಇನ್ನು ವಾಲ್ವ್, ಗಾಳಿ ತುಂಬುವ ಮೂತಿ. ಅದರಲ್ಲಿ ಎರಡು ಜಾತಿ. ಒಂದು ಕಾರಿನದರಂತೆ ದಪ್ಪ. ಇನ್ನೊಂದು ಪೆನ್ಸಿಲ್ಲಿಗಿಂತ ತೆಳು. ನನ್ನ ಆಯ್ಕೆ ಮೊದಲಿನಿಂದಲೂ ತೆಳುವೇ; ಗಾಡಿ ಬಂದಾಗಲೇ ಹಳೆಯ ಟ್ಯೂಬ್ ತೆಗೆದು ತೆಳುವಿನದು ಹಾಕಿದ್ದೆ, ಹೋದ ವಾರ ಹಾಕಿದ್ದೂ ಅದೇ. ಹಗುರ, ನೀಟು.

"ಸರ್, ದಪ್ಪದ್ದು ತಗೊಳ್ಳಿ. ಆ ಗಾಡಿಗೆ ಮೊದಲಿಂದ ಅದೇ ಇತ್ತು."

"ತೆಳು ಕೊಡಿ."

"ತೆಳುವೇ ಬೇಕಂದ್ರೆ ಜೊತೆಗೆ ಈ ಸಣ್ಣ ರಿಂಗ್ ಹಾಕ್ಕೊಳ್ಳಿ. ಯಾಕಂದ್ರೆ ಸರ್—"

"ಗೊತ್ತು ಬಿಡಿ" ಅಂದೆ. ಗೊತ್ತಿಲ್ಲವೇ ಈ ಅಂಗಡಿ ಬುದ್ಧಿ? ಒಂದು ಕೇಳಿದರೆ ಎರಡು ತಲೆಗೆ ಕಟ್ಟುವುದು. ರಿಂಗ್ ಅಲ್ಲೇ ಬಿಟ್ಟು ಬಂದೆ.

ಮಾರ್ಚ್ 5

ಟ್ಯೂಬನ್ನು ನನ್ನ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಡಬ್ಬಿಯ ಮೇಲೆ 180 ಗ್ರಾಂ. ಇರುವುದು 194! ಕಂಪನಿಗೆ ಎರಡು ಪುಟದ ಕಾಗದ ಬರೆದೆ.

ಹೆಂಡತಿ ನಕ್ಕಳು. "ಜಾಸ್ತಿ ಕೊಟ್ಟಿದ್ದಾರಲ್ಲ, ಇಟ್ಕೊಳ್ಳಿ ಸುಮ್ನೆ."

"ಜಾಸ್ತಿಯೂ ತಪ್ಪೇ."

ಅವಳ ನಗು ನಿಂತಿತು. "ಅವತ್ತು ಭಾವನಿಗೂ ಇದನ್ನೇ ಅಂದ್ರಿ" ಅಂದು ಒಳಗೆ ಹೋದಳು.

ಅಂದೆ. ಅದರಲ್ಲೇನು ತಪ್ಪು? ಭಾವನದು ಮೊಳೆ-ಸ್ಕ್ರೂ ಅಂಗಡಿ. ತಕ್ಕಡಿ ಕೆಜಿಗೆ ಹತ್ತು ಗ್ರಾಂ ಆಚೀಚೆ ಇತ್ತು. ತಂಗಿಯ ಗಂಡ ಅಂತ ಬಿಡಲೇ? ತಕ್ಕಡಿ ಬಳಸದಂತೆ ಸೀಲ್ ಹಾಕಿದೆ. ಡ್ಯೂಟಿ. ಇಡೀ ಬೀದಿ ನಿಂತು ನೋಡಿತು, ನೋಡಲಿ.

ಮಾರ್ಚ್ 10, ಭಾನುವಾರ. 10.40

ಮೂರನೆಯ ಟ್ಯೂಬ್! ಈ ಸಲ ಎರಡನೆಯ ತಿರುವಿಗೇ ಠುಸ್. ಮುಳ್ಳಿಲ್ಲ, ಗಾಜಿಲ್ಲ, ಟೈರಿನ ಒಳಗೆ ಬೆರಳಾಡಿಸಿ ನೋಡಿದೆ. ಕಳಪೆ ಮಾಲು. ಹಾಡಹಗಲೇ ಮೋಸ.

ತಂಗಿ ಫೋನಿನಲ್ಲಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಅಣ್ಣ, ತಳ್ಳಿಕೊಂಡಾದ್ರೂ ಬರಬಹುದಿತ್ತಲ್ಲ."

"ಗಾಳಿ ಹೋದ ಗಾಡಿ ತಳ್ಳಿಕೊಂಡು ನಿನ್ನ ಮುಂದೆ ಬಂದು ನಿಲ್ಲಲಾ?"

"ನಿಂತ್ರೆ ಏನಾಗ್ತಿತ್ತು? ...ಬರೋ ವಾರ ಕಾಯ್ತೀನಿ, ಅದೇ ಕೊನೆ. ಆಗಲಿಲ್ಲ ಅಂದ್ರೆ ಗಾಡಿ ವಾಪಸ್ ಕಳಿಸಿಬಿಡು. ಮಾತೂ ಬೇಡ."

ಇಟ್ಟುಬಿಟ್ಟಳು. ಕುಣಿಯಲಾರದವನು ನೆಲ ಡೊಂಕು ಅಂದ ಹಾಗಾಯಿತು ನನ್ನ ಕಥೆ ಅವಳ ಕಣ್ಣಿಗೆ. ಆದರೆ ನೆಲ ನಿಜವಾಗಿ ಡೊಂಕಿದ್ದರೆ? ನಾಳೆ ಆ ಗ್ರೀಸಕ್ಕನಿಗೆ ಇದೆ.

ಮಾರ್ಚ್ 14

ಮೂರು ದಿನ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ.

ಸೋಮವಾರ ಗಾಡಿ ತಳ್ಳಿಕೊಂಡು ಅಂಗಡಿಗೆ ಹೋದೆ. ಸತ್ತ ಟ್ಯೂಬು ಮೂರನ್ನೂ ಕೌಂಟರಿನ ಮೇಲೆ ಎಸೆದೆ. ಗಿರಾಕಿಗಳ ಎದುರೇ ಕೂಗಾಡಿದೆ. ಲೈಸೆನ್ಸ್, ಕನ್ಸ್ಯೂಮರ್ ಕೋರ್ಟ್, ಎಲ್ಲ ಅಂದೆ. ಅವಳು ಕೈ ಒರೆಸಿಕೊಂಡು ಟ್ಯೂಬುಗಳನ್ನು ಸಾಲಾಗಿ ಹರಡಿದಳು. ಮೂರೂ ಒಂದೇ ಜಾಗದಲ್ಲಿ ಹರಿದಿವೆ. ವಾಲ್ವಿನ ಬುಡದಲ್ಲಿ. ಕತ್ತಿಯಲ್ಲಿ ಕೊಯ್ದ ಹಾಗೆ.

"ರಿಮ್ಮಿನಲ್ಲಿ ವಾಲ್ವ್ ಕೂರೋ ತೂತು ಅಳೆದ್ರಾ ಸರ್?"

ಅಳೆದಿರಲಿಲ್ಲ. ಟ್ಯೂಬ್ ಅಳೆದೆ, ತೂಗಿದೆ, ಟೈರಿನ ಅಗಲಕ್ಕೆ ಟೇಪ್ ಹಿಡಿದೆ. ತೂತು ಬಿಟ್ಟು! ಜೇಬಿನಲ್ಲಿದ್ದ ನನ್ನದೇ ಕ್ಯಾಲಿಪರ್ ಇಟ್ಟೆ. ಎಂಟೂವರೆ ಮಿಲಿಮೀಟರ್. ತೆಳು ವಾಲ್ವ್ ಆರು. ಎರಡೂವರೆ ಸಡಿಲ. ಕಲ್ಲು ದಾರಿಯಲ್ಲಿ ಅಲ್ಲಾಡಿ ಅಲ್ಲಾಡಿ ತೂತಿನ ಅಂಚೇ ಬುಡವನ್ನು ಕೊಯ್ದಿದೆ.

"ಆ ಸಂದು ತುಂಬೋಕೇ ರಿಂಗ್ ಹೇಳಿದ್ದು. ನೀವು ಮಾತು ಮುಗಿಸೋಕೆ ಬಿಡಲಿಲ್ಲ."

ಸಾರಿ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ದಪ್ಪ ವಾಲ್ವಿನದು ಕೊಡಿ ಅಂದೆ, ಕೊಟ್ಟಳು. ದೀಪದ ಬುಡದಲ್ಲೇ ಕತ್ತಲೆ.

ಮಾರ್ಚ್ 16, ಶನಿವಾರ. ಮಧ್ಯಾಹ್ನ

ದಪ್ಪ ಟ್ಯೂಬ್ ಕೂತಿದೆ. ವಾಲ್ವ್ ತೂತಿನಲ್ಲಿ ಮಿಸುಕುವುದಿಲ್ಲ. ಅಂಗಡಿಗೆ ಹೋಗಿ ಸಾರಿ ಅಂದೂ ಬಂದೆ. "ಇರ್ಲಿ ಬಿಡಿ ಸರ್" ಅಂದಳು. ಅಷ್ಟು ಸುಲಭವಾಗಿ ಬಿಟ್ಟಳಲ್ಲ ಅಂತ ಅದಕ್ಕೂ ಸಿಟ್ಟು ಬಂತು.

ಊಟ ಮಾಡಿ ಹಳೆಯ ಫೈಲು ತೆಗೆದೆ. ಯಾಕೆ ತೆಗೆದೆನೋ. ಭಾವನ ತಕ್ಕಡಿಯ ವರದಿಯ ಕಾಪಿ. ನನ್ನದೇ ಕೈಬರಹ. 'ದೋಷ: ಕೆಜಿಗೆ 10 ಗ್ರಾಂ.' ಅದರ ಪಕ್ಕದ ಕಾಲಂ — ಹೆಚ್ಚೋ ಕಡಿಮೆಯೋ — ಖಾಲಿ.

ಆ ತಕ್ಕಡಿ ಗಿರಾಕಿಗೆ ಹತ್ತು ಗ್ರಾಂ ಹೆಚ್ಚು ಕೊಡುತ್ತಿತ್ತು. ಭಾವ ಅದನ್ನೇ ಹೇಳಲು ಬಂದ. "ಜಾಸ್ತಿಯೂ ತಪ್ಪೇ" ಅಂದು ಬಾಯಿ ಮುಚ್ಚಿಸಿದೆ. ಬೀದಿಯವರು ಕಂಡದ್ದು ಸೀಲ್ ಒಂದೇ. ಕಳ್ಳ ತೂಕದವನು ಅಂದರು. ಸಾಯುವವರೆಗೂ ಅಂದರು.

ಒಂದು ಗ್ರಾಂ ಸುಳ್ಳು ಬರೆದವನಲ್ಲ ನಾನು. ನಿಜ. ಬರೆಯದೆ ಬಿಟ್ಟೆ. ಥೂ ನನ್ನ.

ಮಾರ್ಚ್ 17, ಭಾನುವಾರ. 8.50

ಚಕ್ರ ಒತ್ತಿ ನೋಡಿದೆ, ಗಟ್ಟಿ. ಪಂಪು ಕಟ್ಟಿದ್ದೇನೆ. ವರದಿಯ ಕಾಪಿ ಜೇಬಿನಲ್ಲಿದೆ, ಖಾಲಿ ಕಾಲಂ ಸಮೇತ. ಇವತ್ತು ಏನೇ ಆದರೂ ಸರಿ, ತಳ್ಳಿಕೊಂಡಾದರೂ ಮೇಲೆ ಹೋಗುತ್ತೇನೆ.

ಬಾಗಿಲಲ್ಲಿ ಹೆಂಡತಿ: "ಅಲ್ಲಿ ಹೋಗಿ ಅವಳ ಮೇಲೇ ರೇಗಬೇಡಿ ಮತ್ತೆ." ರೇಗುವುದಿಲ್ಲ. ಮೊದಲ ಮಾತು ಇಲ್ಲೇ ಬರೆದು ಬಾಯಿಪಾಠ ಮಾಡಿಕೊಂಡು ಹೋಗಬೇಕು, ಇಲ್ಲದಿದ್ದರೆ ಪಂಕ್ಚರಿನ ವಿಷಯ ಶುರು ಮಾಡಿಬಿಡುತ್ತೇನೆ.

"ನೋಡೇ, ಭಾವ ಜನಕ್ಕೆ ಜಾಸ್ತಿಯೇ ತೂಗಿಕೊಡ್ತಿದ್ದ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಾನು ಆ ಕಾಲಂ ಖಾಲಿ ಬಿಟ್ಟೆ. ತಪ್ಪಾಯ್ತು ಕಣೇ."